ಚಕ್ರದ ಮನೆ ಕಲಿಸಿದ ತಡವಾದ ಪಾಠ

ಅಮೆರಿಕಕ್ಕೆ ಹೋಗಿಬಂದ ನಿವೃತ್ತ ಮೇಷ್ಟರು ಪ್ರವಾಸ ಕಥನ ಬರೆಯದೆ ಬಿಡುವುದಿಲ್ಲವೆಂದು ನಮ್ಮ ಕಡೆ ತಮಾಷೆ ಮಾಡುತ್ತಾರೆ. ನಾನೂ ಆ ಜಾತಿಗೆ ಸೇರಿದವನೇ. ಯೊಸೆಮಿಟಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟು ಬಹಳ ದಿನಗಳಾದವೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನೆನಪಿಸುತ್ತಲೇ ಇದ್ದಾರೆ. ಬರೆಯಲು ಕುಳಿತಾಗಲೆಲ್ಲ ಜಲಪಾತದಿಂದ ಆರಂಭವಾದ ಬರಹ ಬೇರೆ ಕಡೆಗೆ ತಿರುಗಿ, ನನಗೇ ಇರಿಸುಮುರಿಸಾಗಿ, ಹಾಳೆಯನ್ನು ಮಡಿಸಿಡುತ್ತಿದ್ದೆ. ಈ ಸಲ ಅದು ಹೋಗುವಲ್ಲಿಗೇ ಹೋಗಲೆಂದು ಬಿಟ್ಟಿದ್ದೇನೆ.

2025ರ ಮಾರ್ಚ್ ಕೊನೆಯ ವಾರ. ನಾವಿಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿದ್ದೆವು. ಅಳಿಯಂದಿರು ಒಂದು ಆರ್‌ವಿಯನ್ನು ಬಾಡಿಗೆಗೆ ತಂದು ಮನೆಯ ಮುಂದೆ ನಿಲ್ಲಿಸಿದರು. ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ನಮ್ಮದು ಇಪ್ಪತ್ತೈದು ಅಡಿ ಉದ್ದದ್ದು. ಐದು ಜನಕ್ಕೆ ಮಲಗುವ ಜಾಗ, ಗ್ಯಾಸಿನ ಒಲೆ, ಪುಟ್ಟ ಫ್ರಿಜ್, ಬಚ್ಚಲು, ಕಕ್ಕಸು, ಎಲ್ಲವೂ ಅದರೊಳಗೇ. ನನ್ನ ಮೊಮ್ಮಗ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿ, ‘ಅಜ್ಜ, ಇದು ನಿಮ್ಮ ಊರಿನ ಮನೆಗಿಂತ ಚಿಕ್ಕದು, ಆದರೆ ಇದಕ್ಕೆ ಸ್ಟೀರಿಂಗ್ ಇದೆ’ ಎಂದು ತೀರ್ಪು ಕೊಟ್ಟ. ನನ್ನವಳು ಮಾತ್ರ ಆ ಕಕ್ಕಸಿನ ಬಾಗಿಲು ತೆರೆದು ನೋಡಿ, ‘ಅಡುಗೆ ಒಲೆಗೆ ಎರಡೇ ಮಾರು ದೂರ! ಇದರಲ್ಲಿ ಮಡಿ ಅನ್ನೋದು ಹೆಂಗ್ರೀ?’ ಎಂದಳು.

ಹೊರಡುವ ಮುನ್ನ ಅಳಿಯಂದಿರು ಹವಾಮಾನ ವರದಿಯನ್ನು ಹತ್ತು ಸಲ ನೋಡಿದರು. ಅದಕ್ಕೆ ಕಾರಣವಿತ್ತು. ಆ ಪರ್ವತಗಳಲ್ಲಿ ವಸಂತ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಮಾರ್ಚ್, ಏಪ್ರಿಲ್‌ಗಳಲ್ಲೂ ಹಿಮ ಬೀಳಬಹುದು. ಬಿದ್ದರೆ ಚಕ್ರಗಳಿಗೆ ಸರಪಳಿ ಕಟ್ಟಬೇಕೆಂಬುದು ನಿಯಮ, ಸರಪಳಿ ಕಟ್ಟಕೂಡದೆಂಬುದು ನಮ್ಮ ಬಾಡಿಗೆ ಕರಾರು! ಆದ್ದರಿಂದ ಪರ್ವತದ ಎತ್ತರದ ದಾರಿಗಳನ್ನು ಬಿಟ್ಟು, ಮರ್ಸೆಡ್ ನದಿಯ ಕಣಿವೆಯನ್ನೇ ಹಿಡಿದು ಸಾಗುವ 140ನೇ ಹೆದ್ದಾರಿಯಲ್ಲಿ ಹೋದೆವು. ಅದು ತಗ್ಗಿನ ದಾರಿಯಾದ್ದರಿಂದ ಹಿಮದ ಕಾಟ ಕಡಿಮೆ. ನದಿಯ ಎರಡೂ ದಂಡೆಯ ಇಳಿಜಾರುಗಳಲ್ಲಿ ಕಿತ್ತಳೆ ಬಣ್ಣದ ಪಾಪಿ ಹೂಗಳು, ಎಲೆಯಿನ್ನೂ ಮೂಡದ ರೆಡ್‌ಬಡ್ ಗಿಡಗಳ ತುಂಬ ಗುಲಾಬಿ ಹೂ. ಕೆಳಗೆ ಹೀಗೆ ವಸಂತ, ತಲೆಯೆತ್ತಿದರೆ ಶಿಖರಗಳ ಮೇಲೆ ಬಿಳಿಯ ಚಳಿಗಾಲ.

ಯೊಸೆಮಿಟಿ ಕಣಿವೆ ಸಮುದ್ರಮಟ್ಟದಿಂದ ಸುಮಾರು ನಾಲ್ಕು ಸಾವಿರ ಅಡಿ ಎತ್ತರದಲ್ಲಿದೆ. ಎಡಕ್ಕೆ ಎಲ್ ಕ್ಯಾಪಿಟನ್ ಎಂಬ ಒಂದೇ ಬಂಡೆ, ಮೂರು ಸಾವಿರ ಅಡಿ ನೆಟ್ಟಗೆ ಎದ್ದು ನಿಂತಿದೆ. ಯೊಸೆಮಿಟಿ ಜಲಪಾತ ಮೂರು ಹಂತಗಳಲ್ಲಿ ಒಟ್ಟು 739 ಮೀಟರು ಧುಮುಕುತ್ತದೆ. ನಮ್ಮ ಜೋಗ 253 ಮೀಟರು. ಸಂಖ್ಯೆಯಲ್ಲಿ ಸೋತರೂ ಜೋಗವೇ ಚೆಂದವೆಂದು ನಾನು ಅಲ್ಲಿಯೇ ಘೋಷಿಸಿದೆನಾದರೂ ಕತ್ತು ನೋಯುವವರೆಗೆ ಆ ನೀರನ್ನು ನೋಡುತ್ತ ನಿಂತದ್ದೂ ನಿಜ. ವಸಂತದ ಆರಂಭದಲ್ಲಿ ಹೆಚ್ಚಾಗಿ ಕಾಣುವ ವಿಶೇಷವೊಂದು ಅಲ್ಲುಂಟು. ರಾತ್ರಿಯ ಕೊರೆವ ಚಳಿಯಲ್ಲಿ ಜಲಪಾತದ ತುಂತುರು ಗಾಳಿಯಲ್ಲಿಯೇ ಹರಳುಗಟ್ಟಿ, ಬೆಳಗಿನ ಹೊತ್ತು ಕೆಳಗಿನ ಹೊಳೆಯಲ್ಲಿ ತೆಳು ಗಂಜಿಯಂತೆ ತೇಲಿ ಬರುತ್ತದೆ. ಫ್ರೇಜಿಲ್ ಐಸ್ ಎನ್ನುತ್ತಾರೆ. ಮೊಮ್ಮಗ ಅದಕ್ಕೆ ‘ಬರ್ಫಿನ ಪಾಯಸ’ವೆಂದು ಹೆಸರಿಟ್ಟ.

ಚರಿತ್ರೆಯ ಮೇಷ್ಟರಾದ್ದರಿಂದ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1864ರಲ್ಲಿ, ಅಂತರ್ಯುದ್ಧದ ನಡುವೆಯೇ, ಅಧ್ಯಕ್ಷ ಲಿಂಕನ್ ಈ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಯ್ದಿಡುವ ಕಾಯಿದೆಗೆ ಸಹಿ ಹಾಕಿದರು. 1890ರಲ್ಲಿ ಕಣಿವೆಯ ಸುತ್ತಲಿನ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅದಕ್ಕೆ ಮೊದಲೇ, 1851ರಲ್ಲಿ, ತಲೆತಲಾಂತರದಿಂದ ಅಲ್ಲಿ ಬಾಳುತ್ತಿದ್ದ ಅಹ್ವಾನೀಚಿ ಜನರನ್ನು ಸಶಸ್ತ್ರ ದಳವೊಂದು ಹೊರಗಟ್ಟಿತ್ತು. ಯಾವ ದೇಶದ ಸೌಂದರ್ಯವೂ ನಿರ್ಮಲವಾದ ಲೆಕ್ಕಪತ್ರವನ್ನು ಹೊಂದಿಲ್ಲ.

ಇನ್ನು ನಮ್ಮ ಚಕ್ರದ ಮನೆಗೆ ಬರೋಣ. ಪೈನ್ ಮರಗಳ ನಡುವಿನ ಕ್ಯಾಂಪಿನಲ್ಲಿ ನಮಗೊಂದು ಜಾಗ ಸಿಕ್ಕಿತ್ತು. ಜಾಗವೆಂದರೆ ಗಾಡಿ ನಿಲ್ಲಿಸುವಷ್ಟು ನೆಲ, ಒಂದು ಮರದ ಮೇಜು, ಬೆಂಕಿ ಹಾಕುವ ಕುಣಿ, ಮತ್ತು ಕರಡಿಗೆ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ನನ್ನವಳ ಮೆಂತ್ಯದ ಹಿಟ್ಟು, ಗೊಜ್ಜು, ಉಪ್ಪಿನಕಾಯಿಗಳು ಬಂದೋಬಸ್ತಾಗಿ ಕುಳಿತವು. ಅಲ್ಲಿ ಗಾಡಿಗಳಿಗೆ ನಲ್ಲಿಯ ಸಂಪರ್ಕವಿಲ್ಲ, ವಿದ್ಯುತ್ತಿಲ್ಲ, ಚರಂಡಿಯಿಲ್ಲ. ಜನರೇಟರನ್ನು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7ರವರೆಗೆ ಮಾತ್ರ ಓಡಿಸಬಹುದು. ಹೊತ್ತುತಂದ ನೀರಿನಲ್ಲೇ ಎಲ್ಲವೂ ಆಗಬೇಕು. ನಮ್ಮ ಟ್ಯಾಂಕಿನಲ್ಲಿ ಹಿಡಿಯುತ್ತಿದ್ದುದು ನಲವತ್ತು ಗ್ಯಾಲನ್, ಅಂದರೆ ಸುಮಾರು 150 ಲೀಟರು. ಕುಡಿಯಲು, ಅಡುಗೆಗೆ, ಪಾತ್ರೆಗೆ, ಸ್ನಾನಕ್ಕೆ, ಐದು ಜನಕ್ಕೆ!

ನೀರು ಒಳಗೆ ಬರುವ ಲೆಕ್ಕ ಇದಾದರೆ ಹೊರಗೆ ಹೋಗುವ ಲೆಕ್ಕ ಬೇರೆ. ಗಾಡಿಯ ಹೊಟ್ಟೆಯಲ್ಲಿ ಇನ್ನೆರಡು ಟ್ಯಾಂಕುಗಳಿವೆ. ಬಚ್ಚಲಿನ, ಪಾತ್ರೆ ತೊಳೆದ ನೀರು ಒಂದಕ್ಕೆ ಹೋಗುತ್ತದೆ. ಅದನ್ನು ಗ್ರೇ ಟ್ಯಾಂಕ್ ಎನ್ನುತ್ತಾರೆ. ಕಕ್ಕಸಿನದು ಇನ್ನೊಂದಕ್ಕೆ, ಅದು ಬ್ಲ್ಯಾಕ್ ಟ್ಯಾಂಕ್. ಗೋಡೆಯ ಮೇಲಿನ ಸಣ್ಣ ಫಲಕದಲ್ಲಿ ಗುಂಡಿಯೊತ್ತಿದರೆ ಯಾವ ಟ್ಯಾಂಕು ಎಷ್ಟು ತುಂಬಿದೆಯೆಂದು ದೀಪಗಳು ಹೇಳುತ್ತವೆ. ಅರವತ್ತೈದು ವರ್ಷದ ನನ್ನ ಬಾಳಿನಲ್ಲಿ ನಾನು ದಿನಕ್ಕೆಷ್ಟು ಹೊಲಸು ಮಾಡುತ್ತೇನೆಂದು ದೀಪ ಹಚ್ಚಿ ತೋರಿಸಿದ ಗೋಡೆಯನ್ನು ಅದೇ ಮೊದಲು ನೋಡಿದ್ದು.

ಭಾನುವಾರ, ಮಾರ್ಚ್ 30, ಯುಗಾದಿ. ಕಾಲಮಾನದ ವ್ಯತ್ಯಾಸದಿಂದ ಅಮೆರಿಕದಲ್ಲಿ ಹಬ್ಬ ಯಾವತ್ತೆಂಬ ಚರ್ಚೆಯನ್ನು ಅಳಿಯಂದಿರು ಎತ್ತಿದರಾದರೂ ನನ್ನವಳು ಊರಿನ ಕ್ಯಾಲೆಂಡರನ್ನೇ ಅಂತಿಮವೆಂದು ಸಾರಿಬಿಟ್ಟಳು. ಹಬ್ಬವೆಂದ ಮೇಲೆ ಎಲ್ಲರಿಗೂ ಎಣ್ಣೆ ಸ್ನಾನ. ಷವರ್ ಬೇಡವೆಂದು ಒಬ್ಬೊಬ್ಬರಿಗೆ ಅರ್ಧರ್ಧ ಬಕೆಟ್ ಬಿಸಿನೀರು, ಒಂದು ಚೊಂಬು. ನಮ್ಮ ಕಾಲದ ಆ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ಊರಿನಿಂದ ತಂದಿದ್ದ ಒಣಗಿದ ಬೇವಿನ ಹೂವಿಗೆ ಬೆಲ್ಲ ಬೆರೆಸಿ, ಹಿಮ ಹೊದ್ದ ಬೆಟ್ಟಗಳ ಕಡೆಗೆ ಮುಖ ಮಾಡಿ, ವಿಶ್ವಾವಸು ಸಂವತ್ಸರವನ್ನು ಬರಮಾಡಿಕೊಂಡೆವು. ಅಷ್ಟರಲ್ಲಿ ಗೋಡೆಯ ದೀಪಗಳು ಎರಡೂ ಟ್ಯಾಂಕುಗಳು ತುಂಬಿದವೆಂದು ತೋರಿಸಿದವು. ಖಾಲಿ ಮಾಡದೆ ಇನ್ನೊಂದು ಲೋಟ ನೀರನ್ನೂ ಚೆಲ್ಲುವಂತಿರಲಿಲ್ಲ.

‘ಹಬ್ಬದ ದಿನ ಬೆಳಿಗ್ಗೆಯೇ ಇದೇನ್ರೀ ಕರ್ಮ!’ ಎಂದು ನನ್ನವಳು ಗೊಣಗಿದಳು. ಕ್ಯಾಂಪಿನ ಅಂಚಿನಲ್ಲಿ ಡಂಪ್ ಸ್ಟೇಷನ್ ಎಂಬ ಜಾಗವಿದೆ. ನೆಲದಲ್ಲೊಂದು ಮುಚ್ಚಳವಿರುವ ರಂಧ್ರ, ಪಕ್ಕದಲ್ಲಿ ತೊಳೆಯಲೊಂದು ನಲ್ಲಿ. ಅಲ್ಲಿ ಸುರಿದದ್ದು ಕೊಳವೆಯಲ್ಲಿ ಕೆಳಗಿನ ಎಲ್ ಪೋರ್ಟಲ್‌ನ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಳಿಯಂದಿರು ಕೈಗವಸು ತೊಡುತ್ತ, ‘ಮಾವ, ನೀವು ಒಳಗೇ ಕೂತಿರಿ, ಹತ್ತು ನಿಮಿಷದ ಕೆಲಸ’ ಎಂದರು. ನಾನು ಒಳಗೇ ಕುಳಿತೆ. ಯಾರಾದರೂ ಹಾಗೆ ಹೇಳಲೆಂದೇ ಕಾದಿದ್ದವನಂತೆ ಕುಳಿತೆ.

ಕಿಟಕಿಯಿಂದ ಪಕ್ಕದ ಗಾಡಿ ಕಾಣುತ್ತಿತ್ತು. ನಮ್ಮದಕ್ಕಿಂತ ದೊಡ್ಡದು. ಅದರ ಯಜಮಾನನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚೇ ಇರಬೇಕು. ಬೆನ್ನು ಬಾಗಿಸಿ, ದಪ್ಪನೆಯ ಕೊಳವೆಯನ್ನು ಗಾಡಿಯ ಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ರಂಧ್ರಕ್ಕೆ ಇಳಿಸಿ, ಮೊದಲು ಕಕ್ಕಸಿನ ಟ್ಯಾಂಕಿನ ಹಿಡಿಯನ್ನು ಎಳೆದ. ಅದು ಬರಿದಾದ ಮೇಲೆ ಬಚ್ಚಲ ನೀರಿನ ಹಿಡಿ. ಈ ಕ್ರಮಕ್ಕೆ ಅರ್ಥವಿದೆ. ಸೋಪಿನ ನೀರು ಹಿಂದಿನದನ್ನು ತೊಳೆದುಕೊಂಡು ಹೋಗುತ್ತದೆ. ಅವನ ಹೆಂಡತಿ ನಲ್ಲಿ ಹಿಡಿದು ನೆಲ ತೊಳೆದಳು. ನಮ್ಮ ಅಳಿಯಂದಿರಿಗೆ ಕೈಯೆತ್ತಿ ಶುಭಾಶಯ ಹೇಳಿ, ಹವಾಮಾನದ ಬಗ್ಗೆ ಎರಡು ಮಾತಾಡಿ, ಕೈ ತೊಳೆದುಕೊಂಡು ಹೊರಟುಹೋದರು. ಆತ ಏನಾಗಿದ್ದವನೋ ತಿಳಿಯದು. ನ್ಯಾಯಾಧೀಶನೋ, ಲಾರಿ ಚಾಲಕನೋ, ಆ ಸಾಲಿನಲ್ಲಿ ನಿಂತವರನ್ನು ನೋಡಿ ಹೇಳುವುದು ಸಾಧ್ಯವೇ ಇರಲಿಲ್ಲ. ನನಗೆ ಕಿಟಕಿಯ ಹಿಂದೆ ಕುಳಿತಿರಲು ನಾಚಿಕೆಯಾಯಿತು. ಆದರೂ ಏಳಲಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಬೀದಿಯ ಮನೆಗಳಿಗೆ ಹಿತ್ತಿಲ ಕಡೆ ಒಂದು ಓಣಿಯಿತ್ತು. ಕಕ್ಕಸಿನ ಹಿಂಗೋಡೆಯಲ್ಲಿ, ನೆಲಮಟ್ಟದಲ್ಲಿ, ಒಂದು ಕಿಂಡಿ. ಆ ಓಣಿಯಲ್ಲಿ ದಿನಾ ಬೆಳಿಗ್ಗೆ ಒಬ್ಬ ತಾಯಿ ತಗಡಿನ ಡಬ್ಬ ಹಿಡಿದು ಬರುತ್ತಿದ್ದಳು. ನಾವು ಮಕ್ಕಳು ಆ ಹೊತ್ತಿಗೆ ಹಿತ್ತಿಲಿಗೆ ಹೋಗಕೂಡದು. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಮಟ್ಟದಲ್ಲಿ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾಯಿದೆ ಬಂತು. ಇವೆರಡರ ನಡುವೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ಕೆಲಸಕ್ಕೆ ನೂಕಲ್ಪಟ್ಟ ಸಮುದಾಯದವರು, ತಾವಿದ್ದ ನೆಲದಿಂದ ತಮ್ಮನ್ನು ಎಬ್ಬಿಸಹೊರಟಾಗ, ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ನಿಷೇಧಿಸಬೇಕಾಗುತ್ತದೆಂದರೆ ಅದು ಎಲ್ಲಿ ಬೇರೂರಿದೆಯೆಂದು ಯೋಚಿಸಬೇಕು. ನನ್ನ ಮಟ್ಟಿಗೆ ಅದು ಎಲ್ಲಿ ಬೇರೂರಿತ್ತೆಂದು ಹೇಳುತ್ತೇನೆ.

1987. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಒಂದು. ಯಾವುದೆಂದು ಬರೆಯುವುದಿಲ್ಲ. ಮೇಲಧಿಕಾರಿಗಳ ತಪಾಸಣೆಯಿದ್ದ ದಿನ. ಶಾಲೆಯ ಕಕ್ಕಸು ಕಟ್ಟಿಕೊಂಡಿತ್ತು, ಗುಡಿಸುವವರು ಬಂದಿರಲಿಲ್ಲ. ‘ಯಾರಾದರೂ ಇಬ್ಬರು ಹುಡುಗರನ್ನು ಕಳಿಸಿ’ ಎಂದು ಮೇಲಿನಿಂದ ಮಾತು ಬಂತು. ಇಂಥವರನ್ನೇ ಎಂದು ಯಾರೂ ಹೇಳಲಿಲ್ಲ. ನಾನು ಒಂಬತ್ತನೆಯ ತರಗತಿಗೆ ಹೋಗಿ ಬಾಗಿಲಲ್ಲಿ ನಿಂತೆ. ಐವತ್ತಕ್ಕೂ ಹೆಚ್ಚು ಹುಡುಗರಿದ್ದರು. ನನ್ನ ಕಣ್ಣು ಎಲ್ಲೂ ತಡವರಿಸದೆ, ಒಂದೇ ಕೇರಿಯಿಂದ ಬರುತ್ತಿದ್ದ ಇಬ್ಬರ ಮೇಲೆ ಹೋಗಿ ನಿಂತಿತು. ಬೆರಳು ತೋರಿಸಿದೆ. ಅವರು ಎದ್ದು ಹೋದರು. ಉಳಿದ ಹುಡುಗರಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಅವರಿಗೂ ಪಾಠ ಆಗಲೇ ಬಂದಿತ್ತು.

ಅವರಲ್ಲೊಬ್ಬ ಮರಳಿ ಬಂದಾಗ ಮೊಣಕಾಲವರೆಗೆ ಕಾಲು ಒದ್ದೆಯಾಗಿತ್ತು. ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತ. ಪಕ್ಕದವನು ಸ್ವಲ್ಪ ಸರಿದುಕೊಂಡ. ಅದೇ ತಿಂಗಳ ಪರೀಕ್ಷೆಯಲ್ಲಿ ನಾನು ಸಂವಿಧಾನದ 17ನೆಯ ವಿಧಿಯ ಬಗ್ಗೆ ಪ್ರಶ್ನೆ ಕೇಳಿದ್ದೆ. ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಲಾಗಿದೆ, ಅದರ ಯಾವ ರೂಪದ ಆಚರಣೆಯೂ ನಿಷಿದ್ಧವೆಂದು ಆ ಹುಡುಗ ದುಂಡನೆಯ ಅಕ್ಷರದಲ್ಲಿ ಬರೆದಿದ್ದ. ಐದಕ್ಕೆ ಐದು ಅಂಕ ಕೊಟ್ಟೆ, ‘ಉತ್ತಮ’ ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದೆ. 1901ರಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿಗೆ ಹೋದ ಗಾಂಧೀಜಿ ಪೊರಕೆ ಕೇಳಿ ತೆಗೆದುಕೊಂಡು ಕಕ್ಕಸನ್ನು ತಾವೇ ಶುಚಿ ಮಾಡಿದ ಪ್ರಸಂಗವನ್ನು ನಾನು ಪ್ರತಿ ವರ್ಷ ಕಣ್ಣೀರು ಬರುವಂತೆ ಪಾಠ ಮಾಡುತ್ತಿದ್ದೆನೆಂದು ನಿಮ್ಮಲ್ಲಿ ಹಲವರು ಈಗಲೂ ಹೊಗಳುತ್ತೀರಿ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಆ ಒದ್ದೆ ಕಾಲುಗಳು ನೆನಪಿಗೆ ಬರುತ್ತವೆ.

ಸೋಮವಾರ ಹಿಂದಿರುಗುವಾಗ ಟ್ಯಾಂಕುಗಳನ್ನು ಇನ್ನೊಮ್ಮೆ ಖಾಲಿ ಮಾಡಬೇಕಾಗಿತ್ತು. ಬಾಡಿಗೆ ಗಾಡಿಯನ್ನು ತುಂಬಿದ ಹೊಟ್ಟೆಯೊಂದಿಗೆ ಮರಳಿಸುವಂತಿಲ್ಲ. ಹೆದ್ದಾರಿಯ ಬದಿಯ ಖಾಸಗಿ ತಂಗುದಾಣವೊಂದರಲ್ಲಿ ಶುಲ್ಕ ಕೊಟ್ಟು ಒಳಗೆ ಹೋದೆವು. ಅಳಿಯಂದಿರು ಕೈಗವಸು ತೆಗೆಯುವಷ್ಟರಲ್ಲಿ, ‘ಇದನ್ನು ನಾನು ಮಾಡುತ್ತೇನೆ’ ಎಂದೆ. ಅವರು ಗಾಬರಿಯಾದರು. ‘ಛೇ, ನೀವು ಬೇಡಿ ಮಾವ!’ ಎಂದರು. ಮಗಳು ಏನೋ ಹೇಳಹೊರಟು ಸುಮ್ಮನಾದಳು. ಕೊಳವೆಯನ್ನು ಸಿಕ್ಕಿಸುವಾಗ ಕೈ ನಡುಗಿತು. ಹಿಡಿಯನ್ನು ಎಳೆದಾಗ ಬಂದ ವಾಸನೆಗೆ ಹೊಟ್ಟೆ ತೊಳಸಿತು. ಅದು ನಮ್ಮದೇ ಐದು ಜನರದು, ಮೂರು ದಿನಗಳದು. ಕೈಯಲ್ಲಿ ಒಳ್ಳೆಯ ಕೈಗವಸು, ಪಕ್ಕದಲ್ಲಿ ಹರಿವ ನೀರು, ಕಣ್ಣಿಗೆ ಏನೂ ಕಾಣದಂಥ ಮುಚ್ಚಿದ ಕೊಳವೆ, ಇಷ್ಟೆಲ್ಲ ಇದ್ದೂ ನನಗೆ ಅಷ್ಟು ಕಷ್ಟವಾಯಿತು. ಆ ಹುಡುಗನಿಗೆ ಒಂದು ಬಕೆಟ್, ಒಂದು ಮೋಟು ಪೊರಕೆ ಕೊಟ್ಟಿದ್ದೆವು.

ಅಮೆರಿಕನ್ನರೆಲ್ಲ ಶುಚಿಯ ಅವತಾರಗಳು, ನಾವು ಅಧಮರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. 2018ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರದ ಆಡಳಿತ ಸ್ಥಗಿತಗೊಂಡು, 2019ರ ಜನವರಿಯವರೆಗೆ 35 ದಿನ ಹಾಗೇ ಇತ್ತು. ಉದ್ಯಾನದ ಸಿಬ್ಬಂದಿಯಲ್ಲಿ ಹೆಚ್ಚಿನವರು ಕೆಲಸದ ಮೇಲಿರಲಿಲ್ಲ, ಬಾಗಿಲು ಮಾತ್ರ ತೆರೆದಿತ್ತು. ಆಗ ಇದೇ ಯೊಸೆಮಿಟಿಯಲ್ಲಿ ಜನ ರಸ್ತೆಬದಿಯನ್ನೇ ಕಕ್ಕಸು ಮಾಡಿಕೊಂಡು, ಆ ಕಾರಣಕ್ಕಾಗಿಯೇ ಉದ್ಯಾನದ ಕೆಲವು ಭಾಗಗಳನ್ನು ಮುಚ್ಚಬೇಕಾಯಿತು. ಶುಚಿತ್ವ ಯಾರ ರಕ್ತದಲ್ಲೂ ಇಲ್ಲ. ಅಲ್ಲಿಯೂ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವವರು ಸಂಬಳದ ಕೆಲಸಗಾರರೇ, ಅವರಿಲ್ಲದ ದಿನ ಅಲ್ಲಿಯೂ ನಾರುತ್ತದೆ. ಆದರೆ ಆ ಡಂಪ್ ಸ್ಟೇಷನ್ನಿನ ಸಾಲಿನಲ್ಲಿ ನಾನು ಕಂಡ ಒಂದು ಸಂಗತಿ ನಮ್ಮಲ್ಲಿ ಅಪರೂಪ: ತುಂಬಿಸಿದವರೇ ಖಾಲಿ ಮಾಡುತ್ತಿದ್ದರು, ಮಾಡಿದ ಮೇಲೆ ಅವರ ಮರ್ಯಾದೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಇನ್ನು ನನ್ನ ಅಭಿಪ್ರಾಯ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. ಶಾಲೆಯ ಕಕ್ಕಸನ್ನು ಯಾವ ಮಗುವಿನಿಂದಲೂ ತೊಳೆಸಬೇಡಿ. ಶಿಕ್ಷೆಯಾಗಿಯಂತೂ ಖಂಡಿತ ಬೇಡ. ಶ್ರಮದಾನವೆಂದು ಚೆಂದದ ಹೆಸರಿಟ್ಟರೂ ಬೆರಳು ತೋರಿಸುವವರು ನೀವೇ, ಆ ಬೆರಳು ಯಾವ ಕಡೆಗೆ ತಿರುಗುತ್ತದೆಂಬುದು ನನ್ನ ಅನುಭವದಿಂದ ಬಲ್ಲೆ. ಅದಕ್ಕೆ ಸಂಬಳದ ಕೆಲಸಗಾರರು ಬೇಕು, ಅವರಿಗೆ ಸಲಕರಣೆ ಬೇಕು, ಕೈತುಂಬ ಸಂಬಳ ಬೇಕು, ಎಲ್ಲಕ್ಕಿಂತ ಮೊದಲು ಸಾಕಷ್ಟು ನೀರು ಬೇಕು. ಅನುದಾನವಿಲ್ಲವೆಂಬ ಉತ್ತರ ನನಗೆ ಗೊತ್ತು. ಆ ದಿನ ನನ್ನ ಮುಂದೆಯೂ ಅದೇ ಉತ್ತರವಿತ್ತು. ಗುಡಿಸುವವರು ಬಾರದ ದಿನ ತಪಾಸಣೆಗೆ ಬಂದವರು ಕಟ್ಟಿಕೊಂಡ ಕಕ್ಕಸನ್ನೇ ನೋಡಿ ಹೋಗಲಿ. ಅದನ್ನು ಮರೆಮಾಚಿದ್ದರಿಂದಲೇ ಅನುದಾನ ಬರಲಿಲ್ಲ.

ಬಂಧುಗಳಿಗೆ ಬೇರೆ ಮಾತು. ಸ್ವಂತ ಮನೆಯ ಕಕ್ಕಸನ್ನು ಬಳಸುವ ಪ್ರತಿಯೊಬ್ಬರೂ ಸರದಿಯಂತೆ ತೊಳೆಯಬೇಕು, ಗಂಡುಮಕ್ಕಳು ಮೊದಲು. ಇದನ್ನು ಹೇಳುವ ಅಧಿಕಾರ ನನಗಿರಲಿಲ್ಲ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಮ್ಮ ಮನೆಯ ಕಕ್ಕಸನ್ನು ತೊಳೆದವಳು ನನ್ನವಳು, ಅವಳಿಗೆ ಆಗದಾಗ ಕೆಲಸದಾಕೆ. ಆ ಹೊತ್ತಿಗೆ ನಾನು ಪತ್ರಿಕೆ ಓದುತ್ತಿದ್ದೆ, ಕೆಲವೊಮ್ಮೆ ಸಮಾನತೆಯ ಬಗ್ಗೆ ಭಾಷಣ ಸಿದ್ಧಪಡಿಸುತ್ತಿದ್ದೆ. ಊರಿಗೆ ಮರಳಿದ ಮೇಲೆ ಭಾನುವಾರ ಬೆಳಗಿನ ಆ ಕೆಲಸ ನನ್ನದಾಗಿದೆ. ‘ಮೂಲೆ ಬಿಟ್ಟಿದ್ದೀರಿ, ಪರೀಕ್ಷೆಯಲ್ಲಿ ಹುಡುಗರಿಗೆ ಇಷ್ಟಕ್ಕೆ ಅಂಕ ಕೊಡ್ತಿದ್ರಾ?’ ಎಂದು ನನ್ನವಳು ಈಗಲೂ ತಿದ್ದುತ್ತಾಳೆ. ಭಾನುವಾರದ ಈ ಅರ್ಧ ಗಂಟೆಯಿಂದ ಜಾತಿ ಅಳಿಯುತ್ತದೆಂಬ ಭ್ರಮೆ ನನಗಿಲ್ಲ. ಮನೆಯಲ್ಲಿ ಯಾರು ಬಗ್ಗುತ್ತಾರೆಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ಮುಂದೆ ಯಾವುದಾದರೂ ತರಗತಿಯ ಬಾಗಿಲಲ್ಲಿ ಅವರು ನಿಂತಾಗ ಅವರ ಕಣ್ಣು ನನ್ನದರಂತೆ ತಾನಾಗಿ ಒಂದೇ ಬೆಂಚಿಗೆ ಹೋಗದಿದ್ದರೆ ಸಾಕು.

ಕೊನೆಯದಾಗಿ, ಹಿಂದಿನ ಬೆಂಚಿನ ಆ ಇಬ್ಬರಿಗೆ. ನಿಮ್ಮ ಹೆಸರುಗಳು ನನಗೆ ನೆನಪಿವೆ, ಇಲ್ಲಿ ಬರೆಯುವುದು ನಿಮಗೆ ಇನ್ನೊಂದು ಅವಮಾನವಾದೀತೆಂದು ಬರೆದಿಲ್ಲ. ಈಗ ನಿಮಗೆ ಐವತ್ತು ದಾಟಿರಬೇಕು. ನಿಮ್ಮ ಮಕ್ಕಳೂ ಓದಿ ದೊಡ್ಡವರಾಗಿರಬಹುದು. ಅಂದು ನಿಮಗೆ ನಾನು ಮಾಡಿದ್ದು ಅನ್ಯಾಯ, ಅದು ಅನ್ಯಾಯವೆಂದು ನನಗೆ ಆಗಲೂ ಗೊತ್ತಿತ್ತು. ಕ್ಷಮೆ ಕೇಳುತ್ತಿದ್ದೇನೆ. ಕೊಡಲೇಬೇಕೆಂಬ ಒತ್ತಾಯವಿಲ್ಲ, ಉತ್ತರ ಬರೆಯಬೇಕೆಂದೂ ಇಲ್ಲ. ಎಂದಾದರೂ ಈ ಕಡೆ ಬಂದರೆ ಮನೆಗೆ ಬನ್ನಿ. ಮುಂಬಾಗಿಲಿನಿಂದ ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ.